ಮಾಳಿಗೆಗೆ ಹೊತ್ತ ಕೆರೆಗೋಡು

ಹಾಸ್ಟೆಲಿನ ಮೆಟ್ಟಿಲ ಪಕ್ಕದ ಗೋಡೆಯಲ್ಲಿ ಒಂದು ಹಲಗೆ ತೂಗುತ್ತದೆ. ಅದರ ಮೇಲಿನ ಪದಗಳನ್ನು ಬರೆದವಳು ನಾನು. ಅಕ್ಷರ ಅಷ್ಟು ದುಂಡಗಿಲ್ಲ. ನಾನು ಕಲಿತದ್ದೇ ನಲವತ್ತೆರಡಕ್ಕೆ, ರಾತ್ರಿ ಶಾಲೆಯಲ್ಲಿ. ಆದರೂ ಓದುವವರಿಗೆ ಅರ್ಥವಾಗುತ್ತದೆ. ಕೆಳಗೆ ಕಾಂಕ್ರೀಟು, ಅದರ ಮೇಲೆ ನೀರುತಡೆ ಹಾಳೆ, ಅದರ ಮೇಲೆ ಬೇರುತಡೆ, ಹೀಗೆ ಒಂದರ ಮೇಲೊಂದು ಏರಿಕೊಂಡು ಹೋಗುತ್ತದೆ. ನಮ್ಮ ಹಾಸ್ಟೆಲಿನ ಮಾಳಿಗೆಯ ಮೇಲೆ ಒಂದು ತೋಟವಿದೆ. ಅದು ಹೇಗೆ ನಿಂತಿದೆ ಎಂದು ಹೇಳುವ ಹಲಗೆ ಅದು.

ಹೊಳೆನರಸೀಪುರದಲ್ಲಿ ಈ ಹಾಸ್ಟೆಲ್ ಕಟ್ಟಿಸಿದವರು ಬಸವಲಿಂಗಮ್ಮನವರು. ಕೊಬ್ಬರಿ ವ್ಯಾಪಾರದ ಮನೆತನ. ಅವರು ಹೋದ ಮೇಲೆ ಮಗ ಗೌರೀಶಪ್ಪನವರು ನೋಡಿಕೊಳ್ಳುತ್ತಿದ್ದಾರೆ. ಹಳ್ಳಿಗಳಿಂದ ಕಾಲೇಜಿಗೆ ಬರುವ ಅರವತ್ತು ಹುಡುಗಿಯರು ಇದ್ದಾರೆ. ನಾನು ಹನ್ನೊಂದು ವರ್ಷದಿಂದ ಇಲ್ಲಿ ಕಸ ಗುಡಿಸಿ ನೆಲ ಒರೆಸುತ್ತೇನೆ. ನನ್ನ ಮನೆ ಹಾಸ್ಟೆಲಿನ ಬೆನ್ನಿಗೇ ಇರುವ ಕೆಳಗಿನ ಬೀದಿಯಲ್ಲಿ. ಮಾಳಿಗೆಯ ಮೂರು ಕೊಳವೆಗಳೂ ಬೀಳುವುದು ನಮ್ಮ ಬೀದಿಯ ತಲೆಗೆ. ಮೊದಲೆಲ್ಲ ಕಾಲು ಗಂಟೆ ಮಳೆ ಹೊಡೆದರೆ ಸಾಕು, ಆ ನೀರು, ಮೇಲಿನ ಬೀದಿಯ ನೀರು ಎಲ್ಲಾ ಒಟ್ಟಿಗೇ ಇಳಿದು ಹೊಸ್ತಿಲು ದಾಟಿ ಬರುತ್ತಿತ್ತು. ಹಾಸಿಗೆಯನ್ನು ಮಂಚಕ್ಕೆ ಹಾಕಿ, ಮಂಚವನ್ನು ಇಟ್ಟಿಗೆ ಮೇಲೆ ಏರಿಸಿ, ಅಕ್ಕಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಿದ್ದೆ. ಮಳೆ ನಿಂತ ಮೇಲೆ ಚೊಂಬಿನಲ್ಲಿ ಎತ್ತಿ ಎತ್ತಿ ಸುರಿಯುವುದು. ಹಾಗೆ ಎಷ್ಟು ವರ್ಷ ಸುರಿದೆನೋ.

ಹೋದ ಪುಷ್ಯ ಮಾಸದಲ್ಲಿ ದಿವ್ಯಾ ಬಂದಳು. ಹಾಸನದ ಹುಡುಗಿ, ಇಂಜಿನಿಯರು. ಮೂರನೇ ಅಂತಸ್ತಿನ ಕೋಣೆಗಳು ಬೇಸಿಗೆಯಲ್ಲಿ ಒಲೆಯಂತೆ ಕಾಯುತ್ತವೆ ಎಂದು ಗೌರೀಶಪ್ಪನವರು ಯಾರನ್ನೋ ಕೇಳಿದ್ದರಂತೆ, ಅವರು ಇವಳನ್ನು ಕಳಿಸಿದರು. ಮಾಳಿಗೆ ಮೇಲೆ ನಾಲ್ಕು ಬೆರಳು ಮಣ್ಣು ಹಾಸಿ ಗಿಡ ಬೆಳೆಸಿದರೆ ಕೆಳಗೆ ತಂಪು, ಬಿದ್ದ ಮಳೆಯನ್ನೂ ಅದು ಮೊದಲು ತಾನು ಕುಡಿದು, ಮಿಕ್ಕಿದ್ದನ್ನು ನಿಧಾನವಾಗಿ ಬಿಡುತ್ತದೆ, ಕೆಳಗಿನ ಬೀದಿಗೆ ನುಗ್ಗುವುದಿಲ್ಲ ಎಂದಳು. ಇನ್ನೊಬ್ಬರ ಕಚೇರಿ ಬಿಟ್ಟು ತಾನೇ ಹೊಣೆ ಹೊತ್ತು ಮಾಡುತ್ತಿದ್ದ ಮೊದಲ ಕೆಲಸ ಅದು. ಇದು ಒಂದು ಮಳೆಗಾಲ ನಿಂತರೆ ಅರಕಲಗೂಡಿನಲ್ಲಿ, ಚನ್ನರಾಯಪಟ್ಟಣದಲ್ಲಿ ತಮ್ಮ ನೆಂಟರ ಕಟ್ಟಡಗಳಿಗೂ ಇದನ್ನೇ ಮಾಡಿಸುತ್ತೇನೆ ಎಂದು ಗೌರೀಶಪ್ಪನವರು ಮಾತು ಕೊಟ್ಟಿದ್ದರು.

ನನಗೆ ನಂಬಿಕೆ ಬರಲಿಲ್ಲ. ನನ್ನ ತವರು ಮೊಸಳೆ ಎಂಬ ಊರಿನ ಪಕ್ಕದ ಹಳ್ಳಿ, ನಮ್ಮದು ಮಣ್ಣಿನ ಮಾಳಿಗೆ ಮನೆ. ಮಳೆಗಾಲದಲ್ಲಿ ಮಾಳಿಗೆ ಮೇಲೆ ಒಂದು ಗರಿಕೆ ಎದ್ದರೆ ನಮ್ಮಪ್ಪ ಊಟ ಬಿಟ್ಟು ಏಣಿ ಹತ್ತಿ ಕಿತ್ತು ಬರುತ್ತಿದ್ದ. ಬೇರು ಇಳಿದ ಕಡೆ ನೀರು ಇಳಿಯುತ್ತದೆ ಎನ್ನುತ್ತಿದ್ದ. ಅದನ್ನು ದಿವ್ಯಾಗೆ ಹೇಳಿದೆ.

"ಅದಕ್ಕೇ ಅಜ್ಜಿ, ಬೇರಿಗೆ ತಡೆ ಹಾಕ್ತೀವಿ" ಎಂದಳು. "ನಿಮ್ಮಪ್ಪ ಹೇಳಿದ್ದು ಸರಿನೇ."

ಆ ಮಾತಿಗೆ ನಾನು ಅವಳ ಕಡೆಯವಳಾದೆ.

ಕೆಲಸಗಾರರು ಒಂದೊಂದೇ ಹಾಸುವಾಗ ಪಕ್ಕದಲ್ಲಿ ನಿಂತು ನೋಡಿದೆ. ಅವಳ ಕಾಗದದಲ್ಲಿ ಎಲ್ಲದಕ್ಕೂ ಇಂಗ್ಲಿಷ್ ಹೆಸರು. ಹುಡುಗಿಯರಿಗೂ ತಿಳಿಯುವ ಹಾಗೆ ಕನ್ನಡದಲ್ಲಿ ಹಲಗೆ ಬರೆಯಬೇಕು, ಪುಸ್ತಕದ ಕನ್ನಡ ಬೇಡ, ನೀವು ಏನನ್ನುತ್ತೀರಿ ಹೇಳಿ ಎಂದು ನನ್ನನ್ನೇ ಕೇಳಿದಳು. ಕರಿ ಪ್ಲಾಸ್ಟಿಕ್ಕಿನ ಗುಳಿಗುಳಿ ತಟ್ಟೆಗಳು, ಪ್ರತಿ ಗುಳಿಯಲ್ಲೂ ಒಂದಿಷ್ಟು ನೀರು ತಂಗಿ ಮಿಕ್ಕದ್ದು ತಳದಲ್ಲಿ ಹರಿದುಹೋಗುತ್ತದೆ. ತಂಗುತಟ್ಟೆ ಎಂದೆ. ಅದರ ಮೇಲೆ ಬಿಳಿ ಬಟ್ಟೆ, ಮಣ್ಣನ್ನು ಮೇಲೇ ಹಿಡಿದು ನೀರನ್ನಷ್ಟೇ ಕೆಳಗೆ ಬಿಡುವುದು. ಅದು ಸೋಸುಬಟ್ಟೆ. ಇಟ್ಟಿಗೆ ಚೂರು, ತೆಂಗಿನ ನಾರಿನ ಪುಡಿ, ಒಂದಿಷ್ಟು ಗೊಬ್ಬರ ಕಲೆಸಿದ್ದು ಹಗುರ ಮಣ್ಣು. ಗೋಡೆಯ ಸುತ್ತ ಒಂದು ಮೊಳ ಅಗಲ ಏನೂ ಬೆಳೆಸದೆ ಕಲ್ಲು ಸುರಿದು ಬಿಟ್ಟಿದ್ದಕ್ಕೆ ಜಲ್ಲಿ ಅಂಚು. ಮಳೆ ನಿಂತ ಮೇಲೆ ಕೊಳವೆಯಲ್ಲಿ ಬರುವ ನೀರಿಗೆ ಅವಳ ಕಾಗದದಲ್ಲಿ ಉದ್ದನೆಯ ಹೆಸರಿತ್ತು. ನಾನು ತಡನೀರು ಎಂದೆ. ಅವಳು ಎರಡು ಸಲ ಹೇಳಿ ನೋಡಿಕೊಂಡು ನಕ್ಕಳು.

ಗಿಡ ನೋಡಿಕೊಳ್ಳುವ ಕೆಲಸವೂ ನನಗೇ ಬಂತು. ಕಸ ಗುಡಿಸುವವಳು ತೋಟದವಳಾದೆ. ಹೋಗುವಾಗ ದಿವ್ಯಾ, ವಾರಕ್ಕೆರಡು ಸಲ ನೀರು ಚಿಮುಕಿಸಿ, ಮತ್ತೇನೂ ಹಾಕಬೇಡಿ, ಅಗೆಯಬೇಡಿ ಎಂದಳು. ಹೂಂ ಎಂದೆ. ಗೊಬ್ಬರ ಗಿಬ್ಬರ ಹಾಕಬಾರದು ಎಂದು ತಿಳಿದುಕೊಂಡೆ.

ಚೈತ್ರದ ಬಿಸಿಲಿಗೆ ದಿವ್ಯಾ ನೆಡಿಸಿದ್ದ ಗೋಣಿಸೊಪ್ಪು, ದೊಡ್ಡಪತ್ರೆ ಎಲ್ಲಾ ಮುದುಡಿದವು. ಕೈ ಹಾಕಿದರೆ ಇಟ್ಟಿಗೆ ಚೂರು. ಒಂದು ಹಿಡಿ ಎತ್ತಿ ಅದುಮಿದರೆ ಉಂಡೆ ಕಟ್ಟುವುದಿಲ್ಲ. ಉಂಡೆ ಕಟ್ಟದ ಮಣ್ಣಲ್ಲಿ ಏನು ಬೆಳೆದೀತು? ಆಮೇಲೆ ಆ ಜಲ್ಲಿ ಅಂಚು. ಹೊಲದ ಬದುವಿನಲ್ಲೂ ನಾಲ್ಕು ಕಾಳು ಊರುವ ಜನ ನಾವು. ಅಷ್ಟು ಜಾಗ ಬೀಳು ಬಿದ್ದಿರುವುದನ್ನು ದಿನಾ ನೋಡುವುದು ನನಗೆ ಆಗಲಿಲ್ಲ.

ಕೆರೆ ಒಣಗಿದಾಗ ತಳದ ಹೂಳನ್ನು, ಅಂದರೆ ಗೋಡನ್ನು, ತೆಗೆದು ಹೊಲಕ್ಕೆ ಹೊಡೆಯುವುದು ನಮ್ಮ ಕಡೆ ಮುಂಗಾರಿಗೆ ಮುಂಚಿನ ಕೆಲಸ. ಕಪ್ಪಗೆ, ಬೆಣ್ಣೆಯ ಹಾಗಿರುತ್ತದೆ. ಒಂದು ಸಲ ಗೋಡು ಹೊಡೆದರೆ ಮೂರು ವರ್ಷ ಹೊಲ ಗೊಬ್ಬರ ಕೇಳುವುದಿಲ್ಲ. ನನ್ನ ತಮ್ಮ ಚಲುವಯ್ಯ ಊರಲ್ಲೇ ಬೇಸಾಯ ಮಾಡಿಕೊಂಡಿದ್ದಾನೆ. ಆ ವಾರ ನಮ್ಮೂರ ಕೆರೆಯಿಂದ ಟ್ರ್ಯಾಕ್ಟರಿನಲ್ಲಿ ಗೋಡು ಸಾಗಿಸುತ್ತಿದ್ದ. ಹೇಳಿ ಕಳಿಸಿದೆ. ಸಂತೆಗೆ ಬರುವಾಗ ಇಪ್ಪತ್ತು ಚೀಲ ತಂದು ಹಾಕಿ, ಮೂರು ಅಂತಸ್ತು ಹತ್ತಿ ನೋಡಿ ಬಂದ.

"ಮ್ಯಾಲೊಂದು ಕೆರೆನೂ ಮಾಡ್ಕಳಕ್ಕಯ್ಯ, ಮೀನು ಬುಡ್ತೀನಿ" ಎಂದು ನಗಾಡಿದ.

ಐವತ್ತೆರಡು ಮೆಟ್ಟಿಲು. ಮಂಕರಿಯಲ್ಲಿ ತಲೆ ಮೇಲೆ ಹೊತ್ತು, ಆರು ದಿನ ಏರಿಸಿದೆ. ಹಾಸ್ಟೆಲಿಗೆ ರಜೆ, ಗೌರೀಶಪ್ಪನವರು ಕೊಬ್ಬರಿ ಮಾರುಕಟ್ಟೆಯ ಓಡಾಟದಲ್ಲಿ. ಯಾರೂ ನೋಡಲಿಲ್ಲ, ನಾನೂ ಯಾರಿಗೂ ಹೇಳಲಿಲ್ಲ. ಕದ್ದು ಮಾಡಿದೆ ಅಂತಲ್ಲ, ಹೇಳುವ ವಿಷಯ ಅನ್ನಿಸಲಿಲ್ಲ. ಹಗುರ ಮಣ್ಣಿನ ಮೇಲೆಲ್ಲ ತೆಳ್ಳಗೆ ಹರಡಿ, ಕೈಯಲ್ಲಿ ತಟ್ಟಿ, ಮಿಕ್ಕಿದ್ದನ್ನು ಜಲ್ಲಿಯ ಸಂದಿಗೆ ತುಂಬಿ ಅಲಸಂದೆ ಊರಿದೆ.

ರೋಹಿಣಿಯ ನಾಲ್ಕು ಹನಿಗೆ ಮಾಳಿಗೆ ಕಪ್ಪುಹಸಿರಾಯಿತು. ಅಲಸಂದೆ ಗೋಡೆ ಹತ್ತಿತು. ಗೌರೀಶಪ್ಪನವರು ನೆಂಟರನ್ನು ಕರೆದುಕೊಂಡು ಬಂದು ತೋರಿಸಿ, "ನಮ್ಮ ಪುಟ್ಟತಾಯಮ್ಮನ ಕೈ ನೋಡಿ" ಎಂದರು. ಮೊಣಕಾಲು ನೋವು ಅವತ್ತೊಂದು ದಿನ ಇರಲಿಲ್ಲ.

ಆರಿದ್ರಾ ಮಳೆ ಹಿಡಿದದ್ದು ಒಂದು ಶನಿವಾರ. ಮೂರು ದಿನ ಬಿಡಲಿಲ್ಲ. ಸೋಮವಾರ ಬೆಳಗ್ಗೆ ಮೂರನೇ ಅಂತಸ್ತಿನ ಹುಡುಗಿಯರು ಬಕೆಟ್ ಹಿಡಿದುಕೊಂಡು ಓಡಾಡುತ್ತಿದ್ದರು. ಚಾವಣಿಗೆ ಗೋಡೆ ಸೇರುವ ಮೂಲೆಗಳಿಂದ ನೀರು ಇಳಿದು ಪುಸ್ತಕ, ಹಾಸಿಗೆ ಎಲ್ಲಾ ನೆನೆದಿದ್ದವು. ಗೌರೀಶಪ್ಪನವರು ಫೋನ್ ಮಾಡಿದರು. ದಿವ್ಯಾ ಹಾಸನದಿಂದ ಮೊದಲ ಬಸ್ಸಿಗೆ ಬಂದಳು.

ಅವಳು ಹಸಿರಿನ ಕಡೆ ಸರಿಯಾಗಿ ನೋಡಲೂ ಇಲ್ಲ. ಕೆಳಗೆ ಕೋಣೆಯ ಚಾವಣಿಯನ್ನೇ ನೋಡುತ್ತ ನಿಂತಿದ್ದಳು. ನೀರುತಡೆ ಹಾಳೆಯ ಬೆಸುಗೆ ಬಿಟ್ಟಿರಬೇಕು, ಹಾಸುವಾಗ ಕೊನೆಯ ದಿನ ಅವಸರ ಮಾಡಿದರು, ನಾನು ಇನ್ನೊಂದು ಸಲ ನೀರು ನಿಲ್ಲಿಸಿ ನೋಡಬೇಕಿತ್ತು ಎಂದಳು. ಗೌರೀಶಪ್ಪನವರು ಕೂಗಾಡುವವರಲ್ಲ. ಮಕ್ಕಳನ್ನು ನಂಬಿ ಕಳಿಸಿದ ತಂದೆತಾಯಿಗೆ ನಾನು ಉತ್ತರ ಕೊಡಬೇಕು, ಶುಕ್ರವಾರ ಆಳುಗಳು ಬರುತ್ತಾರೆ, ಎಲ್ಲಾ ಕಿತ್ತು ಹಾಕಿ ತಗಡು ಹೊದಿಸುತ್ತಾರೆ ಎಂದರು. ನೆಂಟರಿಗೂ ಬೇಡ ಅಂತ ಹೇಳಿಬಿಡುತ್ತೇನೆ ಎಂದರು. ತಪ್ಪು ತನ್ನದೇ ಎಂದು ಒಂದು ಕಾಗದ ಬರೆದುಕೊಡಲು ಅವಳಿಗೆ ಹೇಳಿದರು. ಅವಳು ತಲೆಯಾಡಿಸಿದಳು.

ನಾನು ಬಕೆಟ್ ಎತ್ತಿಕೊಂಡು ಹೋಗಿ ಹಿಂದಿನ ಬಾಗಿಲಲ್ಲಿ ಸುರಿಯುತ್ತಿದ್ದೆ. ಅಲ್ಲಿಂದ ನಮ್ಮ ಬೀದಿಯ ತಲೆ ಕಾಣುತ್ತದೆ. ಮಳೆ ಸುರಿಯುತ್ತಲೇ ಇತ್ತು. ಮಾಳಿಗೆಯ ಮೂರು ಕೊಳವೆಗಳ ಬಾಯಲ್ಲೂ ಒಂದು ತೊಟ್ಟು ನೀರಿಲ್ಲ.

ಮೂರು ದಿನದ ಮಳೆ. ಕೆಳಗೆ ಬರಬೇಕಾದ ನೀರು ಎಲ್ಲಿ ಹೋಯಿತು? ಬಕೆಟ್ಟನ್ನು ಅಲ್ಲೇ ಇಟ್ಟು ಮೇಲೆ ಹತ್ತಿದೆ. ಅಲಸಂದೆಯ ಬುಡದಲ್ಲಿ ಕಾಲಿಟ್ಟರೆ ಹಿಮ್ಮಡಿ ಮುಳುಗುವಷ್ಟು ನೀರು, ಗದ್ದೆಯಲ್ಲಿ ನಿಂತ ಹಾಗೆ. ಗದ್ದೆಯಲ್ಲಿ ನೀರು ನಿಲ್ಲಲಿ ಎಂದು ನಾವು ಏನು ಮಾಡುತ್ತೇವೆ? ಜಿಗಟು ಮಣ್ಣು ಹಾಕಿ ತುಳಿಯುತ್ತೇವೆ. ನಾನು ಮಾಡಿದ್ದೂ ಅದೇ. ಕಾಲು ಹೊರಗೆ ತೆಗೆಯಲು ಮನಸ್ಸಾಗದೆ ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದೆ.

ಆವತ್ತು ಹೇಳಲಿಲ್ಲ. ಕೆಳಗಿಳಿದು ಬಂದು ನೆಲ ಒರೆಸಿದೆ.

ಮಂಗಳವಾರ ಚಲುವಯ್ಯ ಯಾವುದೋ ಕೆಲಸಕ್ಕೆ ತಾಲ್ಲೂಕಾಫೀಸಿಗೆ ಬಂದವನು ಮನೆಗೆ ಬಂದ. ಅವನಿಗೆ ಹೇಳಿದೆ. ಕಾಫಿ ಲೋಟ ಕೈಯಲ್ಲಿ ಹಿಡಿದುಕೊಂಡೇ ಕೇಳಿದ. ಕುಡಿಯಲಿಲ್ಲ.

"ಸುಮ್ಕಿರಕ್ಕಯ್ಯ" ಎಂದ. "ಆ ಮಗ ಓದವ್ಳೆ. ಇಲ್ಲಿ ತಪ್ಪಿದ್ರೆ ಇನ್ನೊಂದ್ಕಡೆ ಕೆಲ್ಸ ಸಿಕ್ತದೆ. ನಿಂಗೆ ಈ ವಯಸ್ನಲ್ಲಿ ಯಾರು ಕೊಟ್ಟಾರು?"

"ಅದ್ನೇ ಯೋಚ್ನೆ ಮಾಡ್ತಾ ಇವ್ನಿ."

"ಯೋಚ್ನೆ ಏನ್ಬಂತು? ಗೋಡು ಆಕಿದ್ದು ನಿಂಗೂ ನಂಗೂ ಬುಟ್ರೆ ಯಾರಿಗೂ ಗೊತ್ತಿಲ್ಲ. ಸುಕ್ರವಾರ ಎಲ್ಲಾ ಕಿತ್ಕ ಓಯ್ತದೆ."

"ತಗಡು ಆಕುದ್ರೆ ನೀರು ಎಲ್ಲಿಗ್ ಬತ್ತದ್ಲಾ?"

ಅವನು ನಮ್ಮ ಹೊಸ್ತಿಲು ನೋಡಿದ. ಆ ಮೂರು ದಿನದ ಮಳೆಗೆ ಹೊಸ್ತಿಲ ಮೇಲಿನ ರಂಗೋಲಿಯ ಕೆಮ್ಮಣ್ಣು ಕೂಡ ಅಳಿಸಿರಲಿಲ್ಲ. ಆಮೇಲೆ ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದು ಎದ್ದು ಹೋದ.

ಅವನು ಹೇಳಿದ್ದರಲ್ಲಿ ಸುಳ್ಳೇನಿರಲಿಲ್ಲ. ನನಗೆ ಅರವತ್ತೆಂಟು. ಮಾಳಿಗೆಯ ಕೆಲಸ ಬಂದ ಮೇಲೆ ಬಗ್ಗಿ ಒರೆಸುವುದು ಅರ್ಧಕ್ಕೆ ಇಳಿದಿತ್ತು. ಅದು ಹೋದರೆ ಮತ್ತೆ ಮೂರು ಅಂತಸ್ತೂ ನಾನೇ ಒರೆಸಬೇಕು, ಇಲ್ಲವೇ ಅದೂ ಇಲ್ಲ. ಹೊಸ್ತಿಲ ವಿಚಾರ ಇರಲಿ, ನೀರು ಎತ್ತಿ ಹಾಕಿ ಅಭ್ಯಾಸವಾಗಿದೆ. ಆ ಹುಡುಗಿ ಮಾತ್ರ ತಾನು ಮಾಡದ ತಪ್ಪನ್ನು ಒಂದೊಂದಾಗಿ ನೆನೆಸಿಕೊಂಡು, ಅವತ್ತು ಹೀಗೆ ಮಾಡಬೇಕಿತ್ತು, ಹಾಗೆ ಮಾಡಬೇಕಿತ್ತು ಎಂದು ಹುಡುಕುತ್ತಿದ್ದಳಲ್ಲ, ಅದು ನನ್ನನ್ನು ತಿನ್ನುತ್ತಿತ್ತು.

ಬುಧವಾರ ಅವಳು ಕಾಗದ ಬರೆದುಕೊಂಡು ಬಂದಳು. ಗೌರೀಶಪ್ಪನವರು ಇನ್ನೂ ಬಂದಿರಲಿಲ್ಲ. ಮೆಟ್ಟಿಲ ಮೇಲೆ ಕೂತು, "ಆ ಹಲಗೆ ತೆಗೆದುಬಿಡಿ ಅಜ್ಜಿ" ಎಂದಳು. "ಇರಬಾರದು ಅದು ಇನ್ನು."

ಸ್ಟೂಲು ಹತ್ತಿ ಹಲಗೆ ಇಳಿಸಿದೆ. ಇಳಿಸಿ ಅವಳ ಪಕ್ಕ ಗೋಡೆಗೆ ಒರಗಿಸಿದೆ. ಮಳೆ ಬಿಟ್ಟಿತ್ತು.

"ಕಾಗ್ದ ಕೊಡಕ್ ಮೊದ್ಲು ಒಂದ್ಕಿತ ಮ್ಯಾಕೆ ಬಾ ಮಗ" ಎಂದೆ.

"ಏನಿದೆ ಅಜ್ಜಿ ಅಲ್ಲಿ?"

"ಬಾ."

ಐವತ್ತೆರಡು ಮೆಟ್ಟಿಲು ಹತ್ತುವಾಗ ಎರಡು ಕಡೆ ನಿಂತೆ. ಅವಳು ನನ್ನ ತೋಳು ಹಿಡಿದುಕೊಂಡಳು. ಅದು ಬೇಡವಾಗಿತ್ತು ನನಗೆ.

ಮೂಲೆಯಲ್ಲಿ ಕೂತು ಕೈಯಿಂದ ಬಗೆದೆ. ಮೇಲೆ ಕಪ್ಪು ಗೋಡು, ಅದರ ಕೆಳಗೆ ಅವಳ ಇಟ್ಟಿಗೆ ಚೂರು, ಚೂರಿನ ಸಂದಿಸಂದಿಗೂ ಕಪ್ಪು ಇಳಿದಿತ್ತು. ಸೋಸುಬಟ್ಟೆಯ ತುದಿ ಸಿಕ್ಕಿತು. ಬಿಳಿ ಬಟ್ಟೆ ಸಾರಿಸಿದ ನೆಲದ ಹಾಗೆ ಮೆತ್ತಿಕೊಂಡಿತ್ತು. ಅದನ್ನು ಮೇಲೆತ್ತಿದೆ. ಕೆಳಗಿನ ತಂಗುತಟ್ಟೆಗಳ ಗುಳಿಯಲ್ಲಿ ಧೂಳಿತ್ತು. ಮೂರು ದಿನದ ಮಳೆ ಮೇಲೆ ನಿಂತಿದೆ, ನಾಲ್ಕು ಬೆರಳು ಕೆಳಗೆ ಧೂಳು.

ದಿವ್ಯಾ ಆ ಧೂಳನ್ನು ಬೆರಳಲ್ಲಿ ಮುಟ್ಟಿ ನೋಡಿದಳು.

"ಇದು ಕೆರೆಗೋಡು ಕಣವ್ವ. ನಾನೇ ಆಕಿದ್ದು. ಜಲ್ಲಿಗೂ ನಾನೇ ತುಂಬಿದ್ದು."

ಅವಳು ಎದ್ದಳು. ಗೋಡೆಯ ಹತ್ತಿರ ಹೋಗಿ ಅಲಸಂದೆ ಬಳ್ಳಿ ಸರಿಸಿದಳು. ನೀರುತಡೆ ಹಾಳೆಯನ್ನು ಗೋಡೆಯ ಮೇಲೂ ಒಂದು ಗೇಣು ಏರಿಸಿ ಅಂಟಿಸಿದ್ದರು. ನಾನು ಗೋಡು ತುಂಬಿದ ಮೇಲೆ ನಿಂತ ನೀರು ಅದರ ತುದಿಯನ್ನೂ ಮೀರಿ ಹಿಂದಕ್ಕೆ ಇಳಿದಿತ್ತು. ಅವಳು ಹಾಳೆಯ ಉದ್ದಕ್ಕೂ ಕೈಯಾಡಿಸಿಕೊಂಡು ಮೂಲೆಯಿಂದ ಮೂಲೆಗೆ ಹೋದಳು. ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ಆಮೇಲೆ ಅಲ್ಲೇ ಒದ್ದೆಯಲ್ಲೇ ಕೂತುಬಿಟ್ಟಳು.

"ಏನೂ ಹಾಕಬೇಡಿ ಅಂದಿದ್ದೆ" ಎಂದಳು. "ಯಾಕೆ ಅಂತ ಹೇಳಲಿಲ್ಲ ನಾನು. ಒಂದು ಮಾತು ಹೇಳಬೇಕಿತ್ತು."

"ಅದ್ನೂ ನಿನ್ ತಪ್ಪಿಗೇ ಸೇರುಸ್ಕಬೇಡ ಮಗ. ಸಾಕು."

ಗೌರೀಶಪ್ಪನವರು ಬಂದಾಗ ಅವರಿಗೂ ತೋರಿಸಿದೆವು. ನಾನೇ ಹೇಳಿದೆ. ಅವರು ಗೋಡನ್ನು ಕೈಗೆ ತೆಗೆದುಕೊಂಡು ಅದುಮಿ ನೋಡಿದರು. ಕೊಬ್ಬರಿ ವ್ಯಾಪಾರದವರಾದರೂ ತೋಟ ಇರುವವರು, ಬೆರಳಿಗೆ ಗೊತ್ತಾಯಿತು.

"ಒಳ್ಳೇ ಗೋಡು" ಎಂದರು. ಆಮೇಲೆ, "ನಮ್ಮ ಭಾವಮೈದನ ಮುಂದೆ ನಿಮ್ಮ ಕೈಯನ್ನ ಹೊಗಳಿದ್ದೆನಲ್ಲ, ಪುಟ್ಟತಾಯಮ್ಮ" ಎಂದರು. ಅದಕ್ಕಿಂತ ಒಂದು ಬೈಗುಳ ಮೇಲಾಗಿತ್ತು.

ಶುಕ್ರವಾರದ ಆಳುಗಳಿಗೆ ಹೇಳಿಯಾಗಿದೆ, ಯಾರ ತಪ್ಪಾದರೇನು, ಹುಡುಗಿಯರ ಹಾಸಿಗೆ ನೆನೆದದ್ದು ನಿಜ ಎಂದರು. ಭಾನುವಾರದವರೆಗೆ ಬಿಡಿ, ನಾನು ಹೊತ್ತು ಹಾಕಿದ್ದನ್ನು ನಾನೇ ಇಳಿಸುತ್ತೇನೆ, ಆಮೇಲೂ ಸೋರಿದರೆ ತಗಡು ಹೊದಿಸಿ ಎಂದೆ.

"ಈ ವಯಸ್ಸಲ್ಲಾ?"

"ಈ ವಯಸ್ಸಲ್ಲೇ ಸಾ ಹೊತ್ತಾಕಿದ್ದು."

ಅವರು ದಿವ್ಯಾಳ ಮುಖ ನೋಡಿದರು. ಅವಳು ಕಾಗದವನ್ನು ಮಡಿಚಿ ಚೀಲಕ್ಕೆ ಹಾಕಿಕೊಂಡಿದ್ದಳು. ಆಗಲಿ, ಭಾನುವಾರದವರೆಗೆ ಎಂದರು.

ಒಣ ಗೋಡು ಹತ್ತಿಸಿದ್ದೆ. ಇಳಿಸುವಾಗ ಅದು ನೆನೆದ ಗೋಡು, ಎರಡರಷ್ಟು ಭಾರ. ಇಳಿಯುವುದು ಸಲೀಸು ಎಂದು ಜನ ಅಂದುಕೊಳ್ಳುತ್ತಾರೆ, ಮೊಣಕಾಲಿಗೆ ಇಳಿಯುವುದೇ ಕಷ್ಟ. ದಿವ್ಯಾಗೆ ಸಿಂಬೆ ಸುತ್ತಲು ಬರುತ್ತಿರಲಿಲ್ಲ. ಮಂಕರಿ ಓರೆಯಾಗಿ ಕುತ್ತಿಗೆಗೆಲ್ಲ ಕೆಸರು ಇಳಿಯುತ್ತಿತ್ತು. ಸೀರೆಯ ತುಂಡು ಸುತ್ತಿ ತಲೆ ಮೇಲೆ ಕೂರಿಸಿ, ಮುಂದೆ ನೋಡು, ಕಾಲು ನೋಡಬೇಡ ಎಂದೆ. ಗುರುವಾರ ಮಧ್ಯಾಹ್ನ ಚಲುವಯ್ಯ ಟ್ರ್ಯಾಕ್ಟರ್ ತಂದು ನಿಲ್ಲಿಸಿದ. ಪಂಚೆ ಎತ್ತಿ ಕಟ್ಟಿಕೊಂಡು ಹತ್ತಿದ. ಹತ್ತನೇ ಸಲ ಇಳಿಯುವಾಗ ದಿವ್ಯಾಗೆ, "ನಮ್ಮಕ್ಕನಿಗೆ ಬುದ್ಧಿ ಏಳೋ ಪುಸ್ತಕ ಇದ್ರೆ ಕೊಡವ್ವ, ಓದಕ್ ಬತ್ತದೆ ಅವಳ್ಗೆ" ಎಂದ.

ಅಲಸಂದೆ ಆಗಷ್ಟೇ ಹೂ ಬಿಟ್ಟಿತ್ತು. ಕಿತ್ತೆ. ಸೋಸುಬಟ್ಟೆಯನ್ನು ತುಂಡು ತುಂಡಾಗಿ ಬಿಡಿಸಿ ತೊಟ್ಟಿಯಲ್ಲಿ ಜಾಲಿಸಿದೆವು. ಇಟ್ಟಿಗೆ ಚೂರನ್ನು ಜರಡಿಯಲ್ಲಿ ತೊಳೆದೆವು. ಒಂದೊಂದು ಜಲ್ಲಿ ಕಲ್ಲನ್ನೂ ತೊಳೆದದ್ದು ನಾನು. ಶನಿವಾರ ಸಂಜೆ ಎಲ್ಲಾ ಮತ್ತೆ ಹಾಸಿದಾಗ ಮಾಳಿಗೆ ಮೊದಲ ದಿನಕ್ಕಿಂತ ಬೋಳಾಗಿ ಕಾಣುತ್ತಿತ್ತು. ಬದುಕಿದ್ದು ಅಲ್ಲಲ್ಲಿ ಗೋಣಿಸೊಪ್ಪಿನ ಕಡ್ಡಿ.

ಭಾನುವಾರ ಮೂರು ಗಂಟೆಗೆ ಮಳೆ ಬಂತು. ಗೌರೀಶಪ್ಪನವರು ಮೂರನೇ ಅಂತಸ್ತಿನ ಕೋಣೆಯಲ್ಲಿ ಕುರ್ಚಿ ಹಾಕಿಸಿಕೊಂಡು ಚಾವಣಿ ನೋಡುತ್ತ ಕೂತರು. ದಿವ್ಯಾ ಬಾಗಿಲಲ್ಲಿ ನಿಂತಿದ್ದಳು. ನನಗೆ ಮತ್ತೆ ಹತ್ತಲು ಆಗಲಿಲ್ಲ. ಮನೆಗೆ ಬಂದು ಹೊಸ್ತಿಲ ಒಳಗೆ ಕೂತು ಕೊಳವೆಗಳನ್ನೇ ನೋಡಿದೆ. ಮಳೆ ಜೋರಾಯಿತು. ಮೇಲಿನ ಬೀದಿಯ ನೀರು ಚರಂಡಿ ತುಂಬ ಹರಿಯಿತು. ಕೊಳವೆಗಳು ಬಾಯಿ ಬಿಡಲಿಲ್ಲ. ಮತ್ತೆ ಎಲ್ಲೋ ಕಟ್ಟಿಕೊಂಡಿತೇ ಎಂದು ಹೊಸ್ತಿಲಾಚೆ ಬಗ್ಗಿ ನೋಡಿದೆ. ತಟ್ಟೆಗಳು ಒಣಗಿದ್ದವಲ್ಲ, ಮೊದಲು ಅವು ತುಂಬಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಅರ್ಧ ಗಂಟೆ ಕಳೆದು, ಮಳೆ ತೆಳುವಾಗುವ ಹೊತ್ತಿಗೆ ನಡುವಿನ ಕೊಳವೆಯಲ್ಲಿ ಒಂದು ಎಳೆ ಕಾಣಿಸಿತು. ಆಮೇಲೆ ಉಳಿದೆರಡರಲ್ಲಿ. ತಿಳಿ ನೀರು, ದಾರದಷ್ಟು.

ಗೌರೀಶಪ್ಪನವರು ಕೊಡೆ ಹಿಡಿದುಕೊಂಡು ನಮ್ಮ ಬೀದಿಗೆ ಬಂದರು. ಹನ್ನೊಂದು ವರ್ಷದಲ್ಲಿ ಬಂದದ್ದು ಅದೇ ಮೊದಲು. ಹೊರಗೇ ನಿಂತರು.

"ಚಾವಣಿ ಒಣಗಿದೆ" ಎಂದರು. "ತಗಡಿನವರಿಗೆ ಬೇಡ ಅಂತ ಹೇಳಿದೀನಿ. ಆ ಹುಡುಗಿ ನಾಳೆ ಅರಕಲಗೂಡಿಗೆ ಹೋಗಿ ಜಾಗ ನೋಡಲಿ."

ಕೈ ಮುಗಿದೆ.

"ಆದರೆ ಮೇಲಿನ ಕೆಲಸಕ್ಕೆ ಇನ್ನು ಬೇರೆಯವರನ್ನ ಹಾಕ್ತೀನಿ, ಪುಟ್ಟತಾಯಮ್ಮ. ಬೇಜಾರು ಮಾಡ್ಕೋಬೇಡಿ. ಕೆಳಗಿನ ಕೆಲಸ ನಿಮಗೆ ಇದ್ದೇ ಇದೆ."

ಆಗಲಿ ಎಂದೆ. ಅವರು ಹೋದ ಮೇಲೂ ಕೂತೇ ಇದ್ದೆ. ನಾಳೆಯಿಂದ ಮೂರು ಅಂತಸ್ತು ಒರೆಸಬೇಕು. ಹಲಗೆಯನ್ನೂ ಮತ್ತೆ ತೂಗುಹಾಕಬೇಕು, ಸ್ಟೂಲು ಹತ್ತಿ. ಹಾಕುವ ಮೊದಲು ಹಗುರ ಮಣ್ಣು ಎನ್ನುವುದರ ಕೆಳಗೆ ಇದರ ಮೇಲೆ ಬೇರೆ ಮಣ್ಣು ಹಾಕಿದರೆ ನೀರು ಇಳಿಯುವುದಿಲ್ಲ ಎಂದು ಬರೆಯಬೇಕು. ಹೊಸದಾಗಿ ಬರುವವರೂ ಹೊಲ ಬಿಟ್ಟು ಬಂದವರೇ ಇರುತ್ತಾರೆ.

ಮಳೆ ಪೂರ್ತಿ ನಿಂತಿತ್ತು. ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡೆ. ಕೊಳವೆಗಳಲ್ಲಿ ಇನ್ನೂ ತಡನೀರು ಬರುತ್ತಲೇ ಇತ್ತು.